ನಂಬರು ಉಜ್ಜಿದ ಐಸಿ

ಮುದ್ದೆ ಯಾರಿಗೂ ಕಾಯುವುದಿಲ್ಲ. ಮಧುಗಿರಿಯ ನಮ್ಮ ಮನೆಯ ಜಗಳಗಳಲ್ಲಿ ಮುಕ್ಕಾಲು ಪಾಲು ಈ ಒಂದು ಮಾತಿನಿಂದಲೇ ಶುರುವಾಗುತ್ತಿದ್ದವು. ಮನೆ ಉದ್ದಕ್ಕೆ ರೈಲು ಡಬ್ಬಿಯ ಹಾಗಿತ್ತು. ಬೀದಿಯ ಕಡೆಗೆ ಅಪ್ಪನ ರೇಡಿಯೋ ರಿಪೇರಿ ಅಂಗಡಿ, ಅದರ ಹಿಂದೆ ಪಡಸಾಲೆ, ಆಮೇಲೆ ಹಗಲಲ್ಲೂ ದೀಪ ಬೇಡುವ ನಡುಮನೆ, ಕೊನೆಗೆ ಅಡುಗೆಮನೆ, ಅದರಾಚೆ ಹಿತ್ತಲು, ಹಿತ್ತಲಿನ ನೆತ್ತಿಯ ಮೇಲೆ ಬೆಟ್ಟ. ಬೆಟ್ಟವೆಂದರೆ ಒಂದೇ ಬಂಡೆ. ಬೇಸಿಗೆಯಲ್ಲಿ ಹೊತ್ತು ಮುಳುಗಿದ ಮೇಲೂ ಅದರ ಕಾವು ಗೋಡೆ ದಾಟಿ ಒಳಗೆ ಬರುತ್ತಿತ್ತು. ಹಿತ್ತಲಲ್ಲಿ ನಿಂತು ಯಾರನ್ನಾದರೂ ಕೂಗಿದರೆ ಬಂಡೆ ಅದನ್ನೇ ತಿರುಗಿ ಹೇಳುತ್ತಿತ್ತು. ಅದಕ್ಕೇ ಅಪ್ಪನ ತಾಯಿ, ನನ್ನ ಅಜ್ಜಿ, ದೀಪ ಹಚ್ಚಿದ ಮೇಲೆ ಹಿತ್ತಲಲ್ಲಿ ಯಾರ ಹೆಸರನ್ನೂ ಕೂಗಲು ಬಿಡುತ್ತಿರಲಿಲ್ಲ. ಯಾರು ಯಾರನ್ನು ಕರೆದರೆಂದು ತಿಳಿಯದೆ ಬರಬಾರದವರು ಬಂದಾರು ಎಂಬುದು ಅವಳ ಲೆಕ್ಕ. ನಾನು ಅವಳಿಲ್ಲದ ಹೊತ್ತು ನೋಡಿಕೊಂಡು ಕೂಗಿ ಬರುತ್ತಿದ್ದೆ, ಅದು ಬೇರೆ ಮಾತು.

ಅಡುಗೆಮನೆಯಲ್ಲಿ ಅಮ್ಮ ಮುದ್ದೆ ಕಟ್ಟಿ ತಟ್ಟೆಗಿಟ್ಟ ಮೇಲೆ ಅದು ಬಿಸಿಯಾಗಿ ಇರುವುದಾದರೂ ಎಷ್ಟು ಹೊತ್ತು? ಮೇಲೆ ಚರ್ಮ ಕಟ್ಟಿದರೆ ಎಂಥ ಬಸ್ಸಾರಿನಲ್ಲಿ ಅದ್ದಿದರೂ ಗಂಟಲಲ್ಲಿ ಇಳಿಯುವುದಿಲ್ಲ. ಅಪ್ಪನೋ, ಅಂಗಡಿಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಯಾವುದೋ ಆಂಪ್ಲಿಫೈಯರಿನ ಹೊಟ್ಟೆಯೊಳಗೆ ಮುಳುಗಿರುತ್ತಿದ್ದ. ಪಕ್ಕದಲ್ಲಿ ನಾನು. ಕೆಟ್ಟ ರೇಡಿಯೋಗಳ ಸ್ಕ್ರೂ ಬಿಚ್ಚಿ ಡಬ್ಬಿಗೆ ತುಂಬುವುದು ನನಗೆ ಆಟ. ಅಮ್ಮ ಅಲ್ಲಿಂದ ಕೂಗಿದ್ದು ನಮ್ಮಿಬ್ಬರಿಗೂ ಕೇಳುತ್ತಿರಲಿಲ್ಲ, ನಡೆದು ಬಂದು ಕರೆಯಲು ಅವಳಲ್ಲಿ ಉಸಿರಿರಲಿಲ್ಲ. ಅವಳು ಪಾವಗಡದ ಕಡೆಯವಳು, ಕ್ಯಾತಗಾನಚೆರ್ಲಿನ ಹತ್ತಿರ. ಈಗ ಅಲ್ಲಿ ಕಣ್ಣು ಹಾಯುವಷ್ಟು ದೂರ ಸೋಲಾರ್ ಹಲಗೆಗಳು, ಆಗ ಕಡಲೆಕಾಯಿ ಹೊಲ. ಅರ್ಧ ತೆಲುಗು ಬೆರೆಸಿದ ಮಾತು, ಎದೆಯಲ್ಲಿ ಉಬ್ಬಸ, ಇವೆರಡನ್ನೂ ಅವಳು ತವರಿಂದ ತಂದಿದ್ದಳು ಎಂದು ಅಜ್ಜಿ ಆಡಿಕೊಳ್ಳುತ್ತಿದ್ದಳು. ನನ್ನನ್ನು ಅಮ್ಮ ಸುಶೀಲ ಎಂದು ಕರೆದದ್ದೇ ಇಲ್ಲ. ಬಂಗಾರು ಎನ್ನುತ್ತಿದ್ದಳು. ಅಜ್ಜಿಗೆ ಅದೂ ಆಗುತ್ತಿರಲಿಲ್ಲ. ಹೆಣ್ಣುಮಗಳನ್ನು ಚಿನ್ನ, ಬಂಗಾರ ಎಂದರೆ ದೃಷ್ಟಿಯಾಗುತ್ತದಂತೆ.

ಅಪ್ಪನ ಕಸುಬಿನ ಬಗ್ಗೆ ಹೇಳಬೇಕು. ಭಜನೆ ಮಂಡಳಿ, ನಾಟಕದವರಿಗೆಲ್ಲ ಅವನೇ ಆಂಪ್ಲಿಫೈಯರ್ ಕಟ್ಟಿ ಕೊಡುತ್ತಿದ್ದ. ರೇಡಿಯೋ ನಂಜಪ್ಪನ ಸೆಟ್ಟು ಎಂದರೆ ಸಿರಾದಿಂದ, ತಾವರೆಕೆರೆಯಿಂದ ಜನ ಹುಡುಕಿಕೊಂಡು ಬರುತ್ತಿದ್ದರು. ಕಟ್ಟುವುದೇನೋ ಸರಿ, ಕಟ್ಟಿದ ಮೇಲೆ ಒಂದು ಶಾಸ್ತ್ರವಿತ್ತು. ಒಳಗಿರುವ ಒಂದೊಂದು ಐಸಿಯ, ಅಂದರೆ ಲೋಹದ ಕಾಲುಗಳಿರುವ ಕರಿ ಚಿಪ್ಪಿನ, ಬೆನ್ನ ಮೇಲೂ ಕಂಪನಿಯವರು ಬರೆದ ನಂಬರು ಇರುತ್ತದಲ್ಲ, ಅದನ್ನು ಅಪ್ಪ ಸಣ್ಣ ಅರದಿಂದ ಉಜ್ಜಿ ಉಜ್ಜಿ ಅಳಿಸುತ್ತಿದ್ದ. ನಂಬರಿಲ್ಲದ ಐಸಿ ಹೆಸರಿಲ್ಲದ ಮನುಷ್ಯನ ಹಾಗೆ. ಅದು ಏನು ಮಾಡುತ್ತದೆ, ಯಾವ ಕಾಲಿಗೆ ಕರೆಂಟು ಕೊಡಬೇಕು, ಹೊರಗಿನವರಿಗೆ ತಿಳಿಯುವುದಿಲ್ಲ. ಕೊರಟಗೆರೆಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ, ಅಪ್ಪನ ಸೆಟ್ಟು ತಂದು ಬಿಚ್ಚಿ ನೋಡಿ ಹಾಗೆಯೇ ಕಟ್ಟಿ ಮಾರುತ್ತಾನೆಂದು ಅಪ್ಪನಿಗೆ ಅನುಮಾನ. ಹಾಗೆಂದು ಅಪ್ಪನೇನು ಸಾಚಾನೇ? ಬೆಂಗಳೂರಿನಿಂದ ಯಾವ ಹೊಸ ಸೆಟ್ಟು ರಿಪೇರಿಗೆ ಬಂದರೂ ಮೊದಲು ಅದರ ಹೊಟ್ಟೆ ಬಗೆದು ನಕಾಶೆ ಇಳಿಸಿಕೊಳ್ಳುತ್ತಿದ್ದ. ನಾವು ಮಾಡಿದರೆ ವಿದ್ಯೆ, ಕೊರಟಗೆರೆಯವನು ಮಾಡಿದರೆ ಕಳ್ಳತನ. ಈ ನ್ಯಾಯ ನನಗೆ ಅಂದೂ ಅರ್ಥವಾಗಿರಲಿಲ್ಲ, ಇವತ್ತು ಅದೇ ಕೆಲಸ ಮಾಡುವ ನನಗೆ ಈಗಲೂ ಅರ್ಥವಾಗಿಲ್ಲ.

ಅಂಥ ಅಪ್ಪ ಒಂದು ಸಲ ಬೆಂಗಳೂರಿಗೆ ಸಾಮಾನು ತರಲು ಹೋದವನು ಮಾತಾಡುವ ಐಸಿ ತಂದ. ಆಗ ಅದು ಹೊಸತು. ಟೇಪಿಲ್ಲ, ತಿರುಗುವ ಚಕ್ರವಿಲ್ಲ, ಜಿರಲೆಯಷ್ಟು ಕರಿ ಚೂರು. ಅದಕ್ಕೆ ಒಮ್ಮೆ ಮಾತು ಹೇಳಿಕೊಟ್ಟರೆ ಕರೆಂಟು ತೆಗೆದರೂ ಮರೆಯುವುದಿಲ್ಲ, ನೂರು ವರ್ಷ ಬಿಟ್ಟು ಕೇಳಿದರೂ ಅದೇ ದನಿಯಲ್ಲಿ ಹೇಳುತ್ತದೆ ಎಂದು ಮಾರಿದವನು ಹೇಳಿದ್ದನಂತೆ. ನಾನು ಸ್ಕೂಲಿನಿಂದ ಬರುವಷ್ಟರಲ್ಲಿ ಅಂಗಡಿಯ ಗೋಡೆಗೆ ಒಂದು ಮರದ ಡಬ್ಬಿ ಹತ್ತಿತ್ತು, ಅದರ ತಂತಿ ನಡುಮನೆ ಹಾದು ಅಡುಗೆಮನೆಯ ಕಂಬಕ್ಕೆ ಹೋಗಿ ಅಲ್ಲಿ ಕಾಲಿಂಗ್ ಬೆಲ್ಲಿನ ಒಂದು ಗುಂಡಿಯಾಗಿತ್ತು. ಅಮ್ಮ ಗುಂಡಿ ಒತ್ತಿದಳು. ಅಂಗಡಿಯ ಡಬ್ಬಿಯೊಳಗಿಂದ ಅಮ್ಮನೇ ಕರೆದಳು.

"ಬಂಗಾರೂ, ನಿಮ್ಮಪ್ಪನ್ನ ಕರ್ಕಂಡು ಊಟಕ್ಕೆ ಬಾಮ್ಮಾ. ಮುದ್ದೆ ಆರೋಗ್ತದೆ."

ಇಷ್ಟು ಹೇಳಿದ್ದೇ ಡಬ್ಬಿ ಟಕ್ಕೆಂದು ಬಾಯಿ ಮುಚ್ಚಿತು. ಮಾತು ಮುಗಿದ ಕೂಡಲೇ ಸ್ಪೀಕರಿನ ದಾರಿ ಕಡಿಯುವ ಹಾಗೆ ಅಪ್ಪ ಏನೋ ಏರ್ಪಾಟು ಮಾಡಿದ್ದ. ನಾನು ಕುಣಿದೆ. ಅಮ್ಮ ಬಾಗಿಲಿಗೆ ಒರಗಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆ ಐಸಿಯ ನಂಬರನ್ನೂ ಅಪ್ಪ ಉಜ್ಜಿಬಿಟ್ಟಿದ್ದ. ಇದನ್ನ ಯಾರು ಕದೀತಾರೆ ಎಂದು ಅಮ್ಮ ಕೇಳಿದ್ದಕ್ಕೆ, ಕೊರಟಗೆರೆಯವನ ಕೈಗೆ ಸಿಕ್ಕರೆ ಊರಿನ ಹೆಂಡತಿಯರನ್ನೆಲ್ಲ ಡಬ್ಬಿಗೆ ಹಾಕಿಬಿಡುತ್ತಾನೆ ಎಂದ. ಆ ವರ್ಷ ನಮ್ಮ ಮನೆಯಲ್ಲಿ ಮುದ್ದೆಯ ಜಗಳ ನಿಂತುಹೋಯಿತು.

ಮುಂದಿನ ವರ್ಷ ಚಳಿಗಾಲದಲ್ಲಿ ಅಮ್ಮ ಹೋದಳು. ಉಬ್ಬಸ ಕೆರಳಿ ಆಸ್ಪತ್ರೆಗೆ ಒಯ್ದವರು ಅವಳನ್ನು ಹಾಗೆಯೇ ವಾಪಸು ತಂದರು. ಕಾರ್ಯವೆಲ್ಲ ಮುಗಿದು ನೆಂಟರು ಬಸ್ಸು ಹತ್ತಿದ ಮೇಲೆ ಮನೆಯಲ್ಲಿ ಉಳಿದದ್ದು ಅಪ್ಪ, ಅಜ್ಜಿ, ನಾನು. ಅಜ್ಜಿ ಒಲೆ ಮುಂದೆ ಕೂತಳು. ಅವಳ ಮುದ್ದೆಯಲ್ಲಿ ಗಂಟು, ಸಾರಿನಲ್ಲಿ ಖಾರ. ನಾನು ತಟ್ಟೆ ಮುಟ್ಟಲಿಲ್ಲ. ಬೆಳಿಗ್ಗೆಯೂ ಇಲ್ಲ, ಮಧ್ಯಾಹ್ನವೂ ಇಲ್ಲ. ಅಂಗಡಿಯಲ್ಲಿ ಡಬ್ಬಿಯ ಕೆಳಗೆ ಮಂಡಿ ಅಪ್ಪಿಕೊಂಡು ಕೂತಿದ್ದೆ. ಅಪ್ಪ ಬಂದು ಪುಸಲಾಯಿಸಿದ, ಗದರಿದ, ಬೆಲ್ಲ ತಂದ. ಏನೂ ನಡೆಯದಿದ್ದಾಗ ಎದ್ದು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ನನ್ನ ತಲೆಯ ಮೇಲೆ ಅಮ್ಮ ಕರೆದಳು. ಬಂಗಾರೂ, ಊಟಕ್ಕೆ ಬಾಮ್ಮಾ.

ಅಡುಗೆಮನೆಗೆ ಓಡಿದೆ. ಅಪ್ಪ ಕಂಬದ ಪಕ್ಕ ನಿಂತಿದ್ದ, ಹೆಬ್ಬೆರಳು ಇನ್ನೂ ಗುಂಡಿಯ ಮೇಲೆಯೇ ಇತ್ತು. ಅವನು ಗುಂಡಿ ಒತ್ತಿದ್ದನೆಂದು ನನಗೆ ಗೊತ್ತಿತ್ತು, ಡಬ್ಬಿಯೊಳಗೆ ಅಮ್ಮ ಇಲ್ಲವೆಂದೂ ಗೊತ್ತಿತ್ತು. ಗೊತ್ತಿದ್ದರೇನು? ಕರೆದಳಲ್ಲ, ಹೋಗಿ ಕೂತು ಉಂಡೆ. ಅಪ್ಪನೂ ಉಂಡ. ಅವತ್ತಿನಿಂದ ದಿನವೂ ಅದೇ ಪದ್ಧತಿಯಾಯಿತು. ಅಜ್ಜಿ ಮುದ್ದೆ ಕಟ್ಟುವುದು, ಅಪ್ಪ ಗುಂಡಿ ಒತ್ತುವುದು, ಅಮ್ಮ ಕರೆಯುವುದು, ನಾವು ಏಳುವುದು. ಕರೆ ಬರುವ ಹೊತ್ತಿಗೆ ಅಜ್ಜಿ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದಳು. ಅಂಗಡಿಗೆ ಬಂದ ಗಿರಾಕಿಗಳ ಮುಂದೆಯೂ ಒಮ್ಮೊಮ್ಮೆ ಡಬ್ಬಿ ಕರೆದುಬಿಡುತ್ತಿತ್ತು. ಗೊತ್ತಿದ್ದವರು ಚಪ್ಪಲಿ ಮೆಟ್ಟಿಕೊಂಡು ಸುಮ್ಮನೆ ಇಳಿದುಹೋಗುತ್ತಿದ್ದರು. ಆ ದಿನಗಳಲ್ಲಿ ನಮ್ಮ ಮನೆ ದೆವ್ವದ ಮನೆಯೆಂದು ಬೀದಿಯ ಮಕ್ಕಳು ನನ್ನ ಜೊತೆ ಆಡಲು ಬರುವುದನ್ನು ಬಿಟ್ಟರು. ನನಗೆ ಅದರಿಂದ ಏನೂ ಅನ್ನಿಸಲಿಲ್ಲ. ಸತ್ತುಹೋದ ಮೇಲೂ ಊಟಕ್ಕೆ ಕರೆಯುವ ತಾಯಿ ಅವರಲ್ಲಿ ಯಾರಿಗಿದ್ದಳು?

ಒಂದು ದಿನ ನಾನು ನಾಲ್ಕನೆಯ ತಟ್ಟೆ ಇಟ್ಟೆ. ಕರೆದವಳೂ ಬಂದು ಉಣ್ಣಬೇಕಲ್ಲವೇ ಎಂಬುದು ನನ್ನ ತರ್ಕ. ಅದರಲ್ಲಿ ಮುದ್ದೆ ಮುರಿದಿಟ್ಟೆ, ಸಾರು ಬಿಟ್ಟೆ, ಅವಳಿಗೆ ಇಷ್ಟವೆಂದು ಕಡಲೆಕಾಯಿ ಚಟ್ನಿ ಹಾಕಿದೆ. ಹಿತ್ತಲಿಂದ ಒಳಗೆ ಬಂದ ಅಜ್ಜಿ ಆ ತಟ್ಟೆ ನೋಡಿ ನಿಂತೇಬಿಟ್ಟಳು. ಅಷ್ಟು ದಿನ ನುಂಗಿಕೊಂಡಿದ್ದನ್ನೆಲ್ಲ ಅಪ್ಪನ ಮುಂದೆ ಕಕ್ಕಿದಳು.

"ಲೇ ನಂಜ, ಸತ್ತೋರ್ಗೆ ಎಡೆ ಇಕ್ಕಾದು ವರ್ಸಕ್ಕೊಂದ್ಸಲ. ದಿನಾ ಇಕ್ಕುದ್ರೆ ಅವ್ಳು ಹೊಸ್ಲು ದಾಟಿ ಹೋಗಾದು ಹೆಂಗೆ? ಇಲ್ಲೇ ನಿಂತ್ಕಂತಾಳೆ. ಆಮೇಲೆ ಹೋಗೋವಾಗ ಈ ಮಗೀನೂ ಕರ್ಕಂಡು ಹೋಗ್ತಾಳೆ ಕಣ್ಲಾ."

ಅಪ್ಪ ತಟ್ಟೆಯಲ್ಲೇ ಕೈ ತೊಳೆದು ಎದ್ದ. ನಾನು ಅಜ್ಜಿಯ ಮೇಲೆ ಹಾರಿ ಬಿದ್ದೆ, ಅವಳ ಕೈ ಕಚ್ಚಿದೆ ಕೂಡ. ಅವಳು ಬಿಡಿಸಿಕೊಳ್ಳಲಿಲ್ಲ. ಮರುದಿನ ಮಧ್ಯಾಹ್ನ ನಾನು ಸ್ಕೂಲಿನಿಂದ ಬಂದಾಗ ಡಬ್ಬಿಯ ಮುಚ್ಚಳ ತೆರೆದಿತ್ತು, ಐಸಿ ಕೂರುವ ಜಾಗ ಖಾಲಿ ಬಿದ್ದಿತ್ತು. ಎಲ್ಲಿ ಎಂದು ಅಪ್ಪನನ್ನು ಕೇಳಿದೆ. ಎಸೆದುಬಿಟ್ಟೆ ಎಂದ. ನನ್ನ ಮುಖ ನೋಡದೆ ಹೇಳಿದ.

ಅವತ್ತು ಯಾರೂ ಕರೆಯಲಿಲ್ಲ. ನಾನು ಡಬ್ಬಿಯ ಕೆಳಗಿಂದ ಕದಲಲಿಲ್ಲ. ಅಜ್ಜಿ ತಟ್ಟೆ ಹಿಡಿದುಕೊಂಡು ಬಂದು ನನ್ನೆದುರು ನೆಲದ ಮೇಲೆ ಕೂತಳು. ತಿನ್ನು ಎನ್ನಲಿಲ್ಲ, ಬೈಯಲಿಲ್ಲ. ನಾನು ಗೋಡೆಯ ಕಡೆ ತಿರುಗಿದರೆ ಅವಳೂ ಎದ್ದು ಆ ಕಡೆ ಬಂದು ಕೂರುವಳು. ಆರಿದ ಮುದ್ದೆ ಒಳಗೆ ಹೋಗಿ ಬಿಸಿ ಮುದ್ದೆ ಬರುತ್ತಿತ್ತು, ಅದೂ ಆರುತ್ತಿತ್ತು. ಅವಳೂ ಉಣ್ಣಲಿಲ್ಲ. ಮರುದಿನ ಸಂಜೆ ನಾನೇ ಸೋತೆ. ಹೊಟ್ಟೆ ಕೇಳಬೇಕಲ್ಲ. ಅವಳು ಕಲಸಿಕೊಟ್ಟ ಅನ್ನವನ್ನು ಗಬಗಬ ತಿಂದೆ, ತಿನ್ನುತ್ತಲೇ ಅವಳನ್ನು ಶಪಿಸಿದೆ. ನನ್ನ ಅಮ್ಮನ ಬಾಯಿ ಮುಚ್ಚಿಸಿದವಳು ಇವಳು ಎಂದು ಆ ದಿನ ನನ್ನ ಮನಸ್ಸಿನಲ್ಲಿ ಬರೆದುಕೊಂಡದ್ದು ಅವಳು ಸಾಯುವವರೆಗೂ ಅಳಿಯಲಿಲ್ಲ. ನಾನು ಡಿಪ್ಲೊಮಾ ಓದುವಾಗ ಅವಳು ತೀರಿಕೊಂಡಳು. ಆಗಲೂ ನನ್ನ ಕಣ್ಣಲ್ಲಿ ಒಂದು ಹನಿ ಬರಲಿಲ್ಲ, ಬಂದವರೆಲ್ಲ ಕಲ್ಲೆದೆಯ ಹುಡುಗಿ ಎಂದರು.

ಅಪ್ಪ ಎಸೆದಿದ್ದಾನೆಂದು ನಾನು ಪೂರಾ ನಂಬಿರಲಿಲ್ಲ. ಒಂದು ಸ್ಕ್ರೂವನ್ನೂ ಎಸೆಯದ ಮನುಷ್ಯ ಅವನು. ಅವನು ಪೇಟೆಗೆ ಹೋದಾಗಲೆಲ್ಲ ಅಂಗಡಿಯ ಒಂದೊಂದೇ ಡಬ್ಬಿ, ಒಂದೊಂದೇ ಸೆಟ್ಟು ಬಿಚ್ಚಿ ಹುಡುಕಿದೆ. ಎಲ್ಲ ಐಸಿಗಳೂ ಕರಿ, ಎಲ್ಲದರ ನಂಬರೂ ಉಜ್ಜಿದ್ದು. ಹುಡುಕುತ್ತ ಹುಡುಕುತ್ತ ಯಾವುದು ಏನು ಎಂದು ಅವುಗಳ ಕಾಲು ನೋಡಿ, ಸುತ್ತ ಕೂತ ಸಾಮಾನು ನೋಡಿ ಊಹಿಸುವುದನ್ನು ಕಲಿತೆ. ಅಮ್ಮ ಸಿಗಲಿಲ್ಲ, ವಿದ್ಯೆ ಅಂಟಿತು. ಇವತ್ತು ಸಿರಾದಲ್ಲಿ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ಹೊಟ್ಟೆ ಹೊರೆಯುತ್ತೇನೆ, ಉಳಿದ ಹೊತ್ತೆಲ್ಲ ಹಳೆಯ ಐಸಿಗಳದ್ದೇ ಧ್ಯಾನ. ಅವುಗಳ ತಲೆಯನ್ನು ಆಸಿಡ್ಡಿನಲ್ಲಿ ಕರಗಿಸಿ, ಒಳಗಿನ ಚೂರನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು, ಮಾಡಿದವರು ಯಾವ ಬುದ್ಧಿಯಿಂದ ಹೇಗೆ ಮಾಡಿದರೆಂದು ಗೆರೆ ಗೆರೆ ಬಿಡಿಸಿ ಬರೆಯುತ್ತೇನೆ. ಎಲ್ಲೆಲ್ಲಿಯವರೋ ತಮ್ಮ ಹಳೆಯ ಕ್ಯಾಲ್ಕುಲೇಟರು, ಆಟದ ಪೆಟ್ಟಿಗೆಗಳ ಐಸಿಗಳನ್ನು ಅಂಚೆಯಲ್ಲಿ ಕಳಿಸುತ್ತಾರೆ.

ಹೋದ ವರ್ಷ ಅಪ್ಪನೂ ಹೋದ. ಅಂಗಡಿ ಖಾಲಿ ಮಾಡುವಾಗ ದೇವರ ಪಟದ ಹಿಂದೆ ಅಮ್ಮನ ಕುಂಕುಮದ ಭರಣಿ ಸಿಕ್ಕಿತು. ಕುಂಕುಮ ಇರಲಿಲ್ಲ. ಹತ್ತಿಯ ಮೇಲೆ, ನಂಬರು ಉಜ್ಜಿದ, ಇಪ್ಪತ್ತೆಂಟು ಕಾಲಿನ ಒಂದು ಐಸಿ ಮಲಗಿತ್ತು. ಅಲ್ಲೇ ಧೂಳಿನಲ್ಲಿ ಕೂತುಬಿಟ್ಟೆ. ಇಷ್ಟು ವರ್ಷ ಹುಡುಕಿದ್ದು ದಿನಾ ಊದುಬತ್ತಿ ಹಚ್ಚಿದ ಜಾಗದಲ್ಲಿತ್ತು. ಒಂದು ವಿಷಯ ಹೇಳಿಬಿಡುತ್ತೇನೆ. ಅಮ್ಮನ ಮಾತು ನನಗೆ ಅಕ್ಷರ ತಪ್ಪದೆ ನೆನಪಿತ್ತು, ದನಿ ಮಾತ್ರ ನೆನಪಿರಲಿಲ್ಲ. ಯಾವಾಗ ಹೋಯಿತೋ ಗೊತ್ತಿಲ್ಲ. ಆ ಮಾತನ್ನು ನೆನೆದರೆ ಬರುತ್ತಿದ್ದದ್ದು ನನ್ನದೇ ದನಿ. ಅವಳ ಫೋಟೋ ಎರಡಿವೆ, ಸೀರೆಯಿದೆ. ದನಿ ಲೋಕದಲ್ಲಿ ಎಲ್ಲಾದರೂ ಉಳಿದಿದ್ದರೆ ಅದು ಈ ಕರಿ ಚೂರಿನಲ್ಲಿ ಮಾತ್ರ. ಬೇರೆಯವರ ಐಸಿಯಾದರೆ ಆಸಿಡ್ಡಿಗೆ ಹಾಕಿ ನೋಡಬಹುದು. ಇದನ್ನು ಹಾಕುವ ಹಾಗಿಲ್ಲ. ಮಾತಾಡುವ ಐಸಿಗಳ ಗುಣವೇನೆಂದರೆ, ಒಂದು ಕಾಲಿಗೆ ಕರೆಂಟು ತಪ್ಪಿತೋ, ಅದು ಹೇಳುವ ಬದಲು ಕೇಳಿಸಿಕೊಳ್ಳಲು ಶುರುಮಾಡುತ್ತದೆ. ಹಳೆಯ ಮಾತು ಅಳಿಸಿ ಆಗ ಕೋಣೆಯಲ್ಲಿರುವ ಸದ್ದನ್ನು ಅದರ ಮೇಲೆ ಬರೆದುಕೊಳ್ಳುತ್ತದೆ. ಆ ಕಾಲು ಯಾವುದೆಂದು ಹೇಳಬೇಕಾದ ನಂಬರನ್ನು ಅಪ್ಪನ ಅರ ತಿಂದುಹಾಕಿತ್ತು.

ಸಿರಾದ ಮನೆಗೆ ತಂದು ಬೆಂಚಿನ ಮೇಲಿಟ್ಟೆ, ವಾರಗಟ್ಟಲೆ ಮುಟ್ಟಲಿಲ್ಲ. ಕೊನೆಗೊಂದು ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಕೂತೆ. ಇಂಥ ಹಳೆಯ ಐಸಿ ಬಂದರೆ ಮೊದಲ ಕೆಲಸ ಕಾಲು ತೊಳೆಯುವುದು. ಕಿಲುಬು ತೆಗೆದು, ಕಾಲಿಗೆ ಕಾಲು ಅಂಟಿದ್ದರೆ ಬಿಡಿಸಬೇಕು. ಇದರ ಒಂದು ಮೂಲೆಯಲ್ಲಿ ಕೊನೆಯ ಎರಡು ಕಾಲುಗಳ ನಡುವೆ ಸೀಸದ ಒಂದು ದಪ್ಪ ಹನಿ ಕೂತಿತ್ತು. ಬೆಸುಗೆ ಹಾಕುವಾಗ ಅಜಾಗರೂಕತೆಯಿಂದ ಆಗುವುದು ಹೀಗೆಯೇ, ದಿನಾ ನನ್ನ ವಿದ್ಯಾರ್ಥಿಗಳು ಮಾಡುತ್ತಾರೆ. ಬೆಸುಗೆಯ ಐರನ್ ಕಾಯಿಸಿದೆ. ಅದರ ತುದಿ ಹನಿಯ ಹತ್ತಿರ ಹೋಗಿ ಸೀಸ ಹೊಳೆಯುವಷ್ಟರಲ್ಲಿ ಕೈ ಹಿಂದಕ್ಕೆ ಬಂತು. ಈ ಕೆಲಸ ಮಾಡಿದವನು ನನ್ನಪ್ಪ. ಒಮ್ಮೆ ನಾನು ಎರಡು ಕಾಲು ಅಂಟುವ ಹಾಗೆ ಸೀಸ ಚೆಲ್ಲಿದ್ದಕ್ಕೆ ನನ್ನ ಬೆನ್ನ ಮೇಲೆ ಐದು ಬೆರಳೂ ಮೂಡಿಸಿದ್ದವನು. ಅವನು ಇಂಥ ಹನಿ ಬಿಟ್ಟು ಎದ್ದು ಹೋಗುವುದುಂಟೇ? ಐರನ್ ಆರಿಸಿದೆ.

ಆಮೇಲೆ ಅವಸರ ಮಾಡಲಿಲ್ಲ. ಆ ಕಾಲದಲ್ಲಿ ಸಿಗುತ್ತಿದ್ದ ಇಂಥವೇ ಐಸಿಗಳನ್ನು ಹಳೆಯ ಸಾಮಾನಿನವರಿಂದ ತರಿಸಿದೆ. ಮೀಟರು ಹಿಡಿದು ಕಾಲು ಕಾಲಿಗೂ ಹೋಲಿಸಿ, ಇದರ ಒಡಹುಟ್ಟು ಯಾವುದೆಂದು ಗುರುತು ಹಿಡಿದೆ. ಆ ಒಡಹುಟ್ಟನ್ನು ಆಸಿಡ್ಡಿನಲ್ಲಿ ಬಿಚ್ಚಿ, ಯಾವ ಕಾಲಿನ ದಾರಿ ಒಳಗೆ ಎಲ್ಲಿಗೆ ಹೋಗುತ್ತದೆಂದು ಬಿಡಿಸಿದೆ. ಅಂಟಿಸಿದ್ದ ಎರಡು ಕಾಲುಗಳಲ್ಲಿ ಒಂದು ಕರೆಂಟು ಬರುವ ಕಾಲು. ಅದರ ಪಕ್ಕದ್ದೇ ಅಳಿಸುವ ಕಾಲು. ಅದಕ್ಕೆ ಕರೆಂಟು ಇರುವಷ್ಟು ಹೊತ್ತು ಐಸಿ ಹೇಳುತ್ತದೆ, ತಪ್ಪಿದರೆ ಬರೆಯುತ್ತದೆ. ಅಪ್ಪ ಎರಡನ್ನೂ ಸೀಸದಿಂದ ಬೆಸೆದು, ಒಂದಕ್ಕೆ ಬಂದ ಕರೆಂಟು ಇನ್ನೊಂದಕ್ಕೂ ತಪ್ಪದಂತೆ ಮಾಡಿ, ಯಾರ ಕೈಗೆ ಸಿಕ್ಕರೂ ಅಳಿಸಲಾಗದ ಹಾಗೆ ಬೀಗ ಹಾಕಿದ್ದ. ಅವನ ಅಂಗಡಿಯಲ್ಲಿ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಕರೆಂಟು ಕೊಟ್ಟು ನೋಡುತ್ತಿದ್ದ ಕೈ ಇದ್ದದ್ದು ಒಂದೇ, ನನ್ನದು. ಎಸೆದೆ ಎಂದು ನನಗೆ ಹೇಳಿ, ಇವಳು ಇವತ್ತಲ್ಲ ನಾಳೆ ಹುಡುಕಿಯೇ ಹುಡುಕುತ್ತಾಳೆ ಎಂದು ಬೆಸುಗೆ ಹಾಕಿದ್ದಾನೆ. ನಾನು ಅದನ್ನೇ ಕರಗಿಸಲು ಹೊರಟಿದ್ದೆ. ಅವತ್ತು ರಾತ್ರಿಯ ಅಡುಗೆ ಮಾಡಲಿಲ್ಲ.

ಮುಂದಿನ ಭಾನುವಾರ ತಂತಿ ಜೋಡಿಸಿದೆ. ಅಪ್ಪನ ಡಬ್ಬಿ ಹುಳು ತಿಂದು ಹೋಗಿದ್ದರಿಂದ ನೇರವಾಗಿ ಸ್ಪೀಕರಿಗೇ ಕೊಟ್ಟೆ. ಬಾಗಿಲು ಹಾಕಿದೆ, ಫ್ಯಾನು ಆರಿಸಿದೆ. ಗುಂಡಿ ಒತ್ತಿದರೆ ಮೊದಲು ಸುಯ್ ಎಂಬ ಗಾಳಿ. ಅಳಿಸಿಹೋಗಿದೆ ಎಂದುಕೊಂಡೆ. ಅಷ್ಟರಲ್ಲಿ ಅಮ್ಮ ಬಂದಳು. ಬಂಗಾರೂ, ನಿಮ್ಮಪ್ಪನ್ನ ಕರ್ಕಂಡು ಊಟಕ್ಕೆ ಬಾಮ್ಮಾ, ಮುದ್ದೆ ಆರೋಗ್ತದೆ. ಎಷ್ಟು ಚಿಕ್ಕ ಹುಡುಗಿಯ ದನಿ! ನನ್ನ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಕೂರುವ ಯಾವುದಾದರೂ ಹುಡುಗಿ ಕರೆದ ಹಾಗಿತ್ತು. ಅವಳು ಸತ್ತಾಗಿನ ವಯಸ್ಸನ್ನು ನಾನು ದಾಟಿ ಹದಿನೈದು ವರ್ಷವಾಗಿದೆ ಎಂಬುದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅವಳ ದನಿ ಕೇಳಿದರೆ ಅಳು ಬರುತ್ತದೆಂದು ಟವಲು ಇಟ್ಟುಕೊಂಡು ಕೂತಿದ್ದವಳು ಸುಮ್ಮನೆ ಬಾಯಿ ತೆರೆದುಕೊಂಡು ಕೂತೆ.

ಐಸಿ ಅಲ್ಲಿಗೆ ನಿಲ್ಲಲಿಲ್ಲ. ಮಾತು ಮುಗಿದೊಡನೆ ಬಾಯಿ ಮುಚ್ಚಿಸುತ್ತಿದ್ದದ್ದು ಅಪ್ಪನ ಡಬ್ಬಿ, ಈಗ ಆ ಡಬ್ಬಿ ಇರಲಿಲ್ಲ. ಅಮ್ಮ ಕೆಮ್ಮಿದಳು. ಎದೆಯಿಂದ ಸಿಳ್ಳೆಯಂಥ ಉಸಿರು ಬಂತು. ಸ್ಟೀಲಿನ ಲೋಟ ನೆಲಕ್ಕೆ ತಾಗಿದ ಸದ್ದು. ಆಮೇಲೆ ಹತ್ತಿರದಲ್ಲೇ ಇನ್ನೊಂದು ದನಿ. ಅದು ಅಜ್ಜಿಯದು. ನಾನು ಸ್ಕೂಲಿನಲ್ಲಿದ್ದಾಗ ಅಮ್ಮ ಐಸಿಗೆ ಮಾತು ಹೇಳಿಕೊಟ್ಟ ಹೊತ್ತಿನಲ್ಲಿ ಅವಳೂ ಅಲ್ಲಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ.

"ಸಾಕು ಸುಮ್ಕಿರವ್ವ, ಉಸ್ರು ಕಟ್ಕಂತದೆ. ನೀರು ಕುಡಿ. ನಾಳಿಂದ ಮಗೀನ ನಾನೇ ಕರೀತೀನಿ."

"ನೀವು ಕರುದ್ರೆ ಅವ್ಳು ಬರಲ್ಲ, ಅತ್ತಮ್ಮ." ಅಮ್ಮ ನಗುತ್ತಿದ್ದಳು.

"ಬರ್ತಾಳೆ ಬುಡು. ಬರೋಗಂಟ ಕೂತಿರ್ತೀನಿ."

ಇಷ್ಟೇ. ಮುಂದಕ್ಕೆ ಐಸಿಯಲ್ಲಿ ಜಾಗವಿಲ್ಲ. ಹೊರಗೆ ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋಗುತ್ತಿದ್ದಳು. ಅವಳು ದಾಟಿಹೋಗಲೆಂದು ಕಾದೆ. ಆಮೇಲೆ, ಅಜ್ಜೀ, ಬಂದೆ ಎಂದೆ. ಕೇಳಿಸಲಿ ಎಂದು ಜೋರಾಗಿಯೇ ಹೇಳಿದೆ.